ಆಟದ ದಾರಿಯ ಊಟ



ರಜೆ ಬಂತೆಂದರೆ ಮಕ್ಕಳಿರುವ ಮನೆಗಳಲ್ಲಿ ಒಂದೇ ಮಾತು, ಎಲ್ಲಿಗೆ ಕರ್ಕೊಂಡು ಹೋಗ್ತೀರಿ? ನಾವು ಚಿಕ್ಕವರಿದ್ದಾಗ ಇದಕ್ಕೆ ಉತ್ತರ ಸಿದ್ಧವಾಗಿರುತ್ತಿತ್ತು, ಅಜ್ಜಿ ಊರಿಗೆ. ಈಗ ಆ ಅಜ್ಜಿ ತಾತಂದಿರ ಜಾಗದಲ್ಲಿ ನಾವೇ ಇದ್ದೇವೆ. ಶಿವಮೊಗ್ಗದಿಂದ ಮೊಮ್ಮಕ್ಕಳು ಮೈಸೂರಿನ ನಮ್ಮ ಮನೆಗೆ ಬರುತ್ತಾರೆ. ಬಂದ ಮೂರನೆಯ ದಿನಕ್ಕೆ ಶುರುವಾಗುತ್ತದೆ, "ತಾತ, ವಂಡರ್‌ಲಾಗೆ ಹೋಗೋಣ." ಬಿಡದಿ ಹತ್ತಿರದ ಆ ಮನರಂಜನಾ ಉದ್ಯಾನಕ್ಕೆ ಕಳೆದ ಬೇಸಿಗೆಯಲ್ಲಿ ಹೋದೆವು. ನಾನು, ನನ್ನ ಹೆಂಡತಿ, ಮಗಳು, ಅಳಿಯ, ಅವರ ಇಬ್ಬರು ಮಕ್ಕಳು. ಬೆಳಗ್ಗೆ ಏಳಕ್ಕೆ ಮನೆ ಬಿಟ್ಟವರು ರಾತ್ರಿ ಒಂಬತ್ತೂವರೆಗೆ ಮನೆ ಸೇರಿದೆವು. ಆ ಒಂದು ದಿನದ ಆಟ, ಆ ಒಂದು ದಿನದ ಊಟ, ಇವೆರಡರ ಸುತ್ತ ನನ್ನ ಇವತ್ತಿನ ಮಾತು.

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ವಿಹಾರಕ್ಕೆಂದು ಹೊರಟ ನಾವು ಆಟಕ್ಕೆ ಇಷ್ಟು ದುಡ್ಡು, ಇಷ್ಟು ಹೊತ್ತು ಎಂದು ಲೆಕ್ಕ ಹಾಕುತ್ತೇವೆ. ಊಟವನ್ನು ಮಾತ್ರ ಹೊಟ್ಟೆ ಹಸಿದಾಗ ನೋಡಿಕೊಂಡರಾಯಿತು ಎಂದು ಬಿಡುತ್ತೇವೆ. ಹಸಿದಾಗ ಕಣ್ಣಿಗೆ ಬಿದ್ದದ್ದನ್ನು ತಿಂದು ಬರುತ್ತೇವೆ. ಅದು ಯಾವ ಊರಿನ ತಿಂಡಿ, ಯಾರ ಕೈಯ ಅಡುಗೆ ಎಂದು ಕೇಳುವುದಿಲ್ಲ. ಹೋದ ಊರಿನ ಊಟವನ್ನು ಉಣ್ಣದೆ ಬಂದರೆ ಆ ಊರಿಗೆ ಹೋದದ್ದು ಅರ್ಧ ಮಾತ್ರ. ಈ ನಂಬಿಕೆ ನನಗೆ ಹುಟ್ಟಿದ್ದು ದಸರಾ ವಸ್ತುಪ್ರದರ್ಶನದಲ್ಲಿ.

ಮೈಸೂರಿನವರ ಬಾಯಲ್ಲಿ ಅದು ಎಗ್ಜಿಬಿಷನ್. ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ, 1880ರಲ್ಲಿ ಅದು ಆರಂಭವಾಯಿತೆನ್ನುತ್ತಾರೆ. ಕಾಲಕಾಲಕ್ಕೆ ಆಗುವ ಹೊಸ ಹೊಸ ಸುಧಾರಣೆಗಳನ್ನು ಜನಕ್ಕೆ ತೋರಿಸಬೇಕೆಂಬುದು ಮೂಲ ಉದ್ದೇಶ. ನಾನು ಹುಡುಗನಾಗಿದ್ದಾಗ ಅಪ್ಪನಿಗೆ ಆ ಉದ್ದೇಶ ಗೊತ್ತಿತ್ತು, ನಮಗೆ ಬೇಕಿರಲಿಲ್ಲ. ನಮಗೆ ಬೇಕಾಗಿದ್ದದ್ದು ಮೂರೇ. ಜೈಂಟ್ ವೀಲ್, ಮರಣಬಾವಿ, ಮೆಣಸಿನಕಾಯಿ ಬಜ್ಜಿ. ಮರದ ಹಲಗೆಗಳ ಆ ಬಾವಿಯೊಳಗೆ ಮೋಟರ್‌ಸೈಕಲ್ ಸುತ್ತುತ್ತಾ ಸುತ್ತುತ್ತಾ ನಮ್ಮ ಮೂಗಿನ ಮಟ್ಟಕ್ಕೆ ಬರುವುದು, ಹಲಗೆಗಳೆಲ್ಲ ಗಡಗಡ ನಡುಗುವುದು, ಅಪ್ಪ ನನ್ನ ಹೆಗಲನ್ನು ಹಿಂದಕ್ಕೆ ಹಿಡಿದುಕೊಳ್ಳುವುದು. ಇಳಿದು ಬಂದರೆ ಬಜ್ಜಿಯ ಸಾಲು. ಉದ್ದನೆಯ ಮೆಣಸಿನಕಾಯಿಯನ್ನು ಸೀಳಿ, ಕಡಲೆ ಹಿಟ್ಟಿನಲ್ಲಿ ಅದ್ದಿ, ಕಾದ ಎಣ್ಣೆಗೆ ಬಿಡುವರು. ತೆಗೆದ ಮೇಲೆ ಹೊಟ್ಟೆ ಬಗೆದು ಈರುಳ್ಳಿ, ಕ್ಯಾರೆಟ್ ತುರಿ, ನಿಂಬೆಹುಳಿ ತುಂಬಿ ಕಾಗದದ ಮೇಲಿಟ್ಟು ಕೊಡುವರು. ಖಾರಕ್ಕೆ ಕಣ್ಣಲ್ಲಿ ನೀರು, ಚಳಿಗೆ ಮೂಗಲ್ಲಿ ನೀರು. ಆ ಮರಣಬಾವಿಯ ಭಯ ಇಂದು ನನ್ನಲ್ಲಿ ಉಳಿದಿಲ್ಲ. ಬಜ್ಜಿಯ ವಾಸನೆ ಬಂದರೆ ಮಾತ್ರ ಅಪ್ಪನ ಕೈ ಹೆಗಲ ಮೇಲೆ ಬಂದು ಕೂರುತ್ತದೆ.

ನಮ್ಮ ಜಾತ್ರೆಗಳಲ್ಲೆಲ್ಲ ಹೀಗೇ. ತೊಟ್ಟಿಲು ತಿರುಗುವ ಪಕ್ಕದಲ್ಲೇ ಬೆಂಡು ಬತ್ತಾಸು, ಕಾರದಪುರಿ, ಕಬ್ಬಿನ ಹಾಲು. ಆಟವನ್ನು ಒಂದು ಕಡೆ ಕಟ್ಟಿ ಊಟವನ್ನು ಇನ್ನೊಂದು ಕಡೆ ಇಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಹಾಗೆ ನೋಡಿದರೆ ಅಮೆರಿಕದಲ್ಲೂ ಇರಲಿಲ್ಲ. ಅಲ್ಲಿನ ಹೆಸರಾಂತ ಥೀಮ್ ಪಾರ್ಕೊಂದು ಹುಟ್ಟಿದ್ದೇ ಒಂದು ಅಡುಗೆಮನೆಯಿಂದ. ಈ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಕ್ಯಾಲಿಫೋರ್ನಿಯಾದ ಬ್ಯೂನಾ ಪಾರ್ಕ್ ಎಂಬ ಊರಲ್ಲಿ ವಾಲ್ಟರ್ ನಾಟ್, ಕಾರ್ಡೀಲಿಯಾ ನಾಟ್ ಎಂಬ ರೈತ ದಂಪತಿ ಇದ್ದರು. 1920ರ ದಶಕದಲ್ಲಿ ರಸ್ತೆ ಬದಿಯಲ್ಲಿ ಬೆರಿ ಹಣ್ಣು ಮಾರುತ್ತಿದ್ದರು. ರುಡಾಲ್ಫ್ ಬಾಯ್ಸನ್ ಎಂಬಾತ ಬೇರೆ ಬೇರೆ ಬೆರಿಗಳನ್ನು ಕೂಡಿಸಿ ಒಂದು ಹೊಸ ಬಳ್ಳಿ ಬೆಳೆಸಿ, ಕೈಬಿಟ್ಟಿದ್ದ. ಒಣಗುತ್ತಿದ್ದ ಆ ಬಳ್ಳಿಯನ್ನು ವಾಲ್ಟರ್ ತಂದು ನೆಟ್ಟು ಬದುಕಿಸಿದ. ಬಾಯ್ಸನ್‌ಬೆರಿ ಎಂದು ಹೆಸರಿಟ್ಟು ಮಾರಿದ. ಆಗ ದೇಶದಲ್ಲೆಲ್ಲ ಭಾರಿ ಆರ್ಥಿಕ ಕುಸಿತ, ಕೈಯಲ್ಲಿ ಕಾಸಿಲ್ಲ. 1934ರಲ್ಲಿ ಕಾರ್ಡೀಲಿಯಾ ಸಂಸಾರ ತೂಗಿಸಲೆಂದು ಕರಿದ ಕೋಳಿಯ ಊಟ ಬಡಿಸಲು ಶುರುಮಾಡಿದಳು. ತನ್ನ ಮದುವೆಯಲ್ಲಿ ಬಂದಿದ್ದ ಪಿಂಗಾಣಿ ತಟ್ಟೆಗಳಲ್ಲೇ ಬಡಿಸಿದಳು. ಒಂದು ಊಟಕ್ಕೆ 65 ಸೆಂಟು. ಮೊದಲ ದಿನ ಎಂಟು ಊಟ. ಕೆಲವೇ ವರ್ಷಗಳಲ್ಲಿ ಜನ ಗಂಟೆಗಟ್ಟಲೆ ಸಾಲಿನಲ್ಲಿ ಕಾಯುವಂತಾಯಿತು. ಊಟಕ್ಕೆ ಕಾಯುವವರಿಗೆ ಬೇಸರವಾಗಬಾರದೆಂದು ವಾಲ್ಟರ್ 1940ರಲ್ಲಿ ಹಳೆಯ ಗಣಿ ಪಟ್ಟಣವೊಂದರ ಮಾದರಿ ಕಟ್ಟತೊಡಗಿದ. ಅದು ಬೆಳೆದು ಬೆಳೆದು ನಾಟ್ಸ್ ಬೆರಿ ಫಾರ್ಮ್ ಎಂಬ ದೊಡ್ಡ ಮನರಂಜನಾ ಉದ್ಯಾನವಾಯಿತು. ಅಲ್ಲಿಂದ ಕೆಲವೇ ಮೈಲಿ ದೂರದ ಆನಹೈಮ್‌ನಲ್ಲಿ ವಾಲ್ಟ್ ಡಿಸ್ನಿ ತನ್ನ ಡಿಸ್ನಿಲ್ಯಾಂಡ್ ತೆರೆದದ್ದು 1955ರಲ್ಲಿ, ಅಂದರೆ ಆ ಎಂಟು ಊಟ ಬಡಿಸಿದ 21 ವರ್ಷಗಳ ಮೇಲೆ. ಕಾರ್ಡೀಲಿಯಾಳ ಹೆಸರಿನ ಕೋಳಿ ಊಟದ ಹೋಟೆಲು ಇಂದಿಗೂ ಆ ಉದ್ಯಾನದ ಬಾಗಿಲಲ್ಲೇ ಇದೆ.

ಒಬ್ಬ ಹೆಣ್ಣುಮಗಳ ಅಡುಗೆಯ ರುಚಿ ಒಂದು ಊರಿಗೆ ಆಟದ ತೋಟವನ್ನೇ ತಂದಿತು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಬನ್ನಿ, ನಮ್ಮ ಮೈಸೂರು ರಸ್ತೆಗೆ ಬರೋಣ.

ಮೈಸೂರಿನಿಂದ ಬಿಡದಿಗೆ ಈಗ ಎರಡು ದಾರಿ. ಒಂದು, 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇ. ಇನ್ನೊಂದು, ಊರೂರನ್ನು ಹಾದುಹೋಗುವ ಹಳೇ ರಸ್ತೆ. ಹೋಗುವಾಗ ಎಕ್ಸ್‌ಪ್ರೆಸ್‌ವೇ, ಬರುವಾಗ ಹಳೇ ರಸ್ತೆ ಎಂದು ಹೊರಡುವ ಮುನ್ನವೇ ತೀರ್ಮಾನಿಸಿದ್ದೆವು. ಮನೆಯಲ್ಲಿ ತಿಂಡಿ ಮಾಡಲಿಲ್ಲ. ಮಕ್ಕಳಿಗೆ ಒಂದೊಂದು ಲೋಟ ಹಾಲು, ನಮಗೆ ಕಾಫಿ, ಅಷ್ಟೇ. ಒಂಬತ್ತು ಗಂಟೆಗೆ ಮುಂಚೆಯೇ ಬಿಡದಿ ಬಂತು. ದೊಡ್ಡ ರಸ್ತೆ ಬಿಟ್ಟು ಊರೊಳಗೆ ಇಳಿದು ತಟ್ಟೆ ಇಡ್ಲಿ ಹೋಟೆಲಿನ ಮುಂದೆ ಕಾರು ನಿಲ್ಲಿಸಿದೆವು.

ತಟ್ಟೆ ಇಡ್ಲಿಯ ವಿಷಯದಲ್ಲಿ ತುಮಕೂರು ಕಡೆಯವರು ಕ್ಯಾತ್ಸಂದ್ರದ ಹೆಸರು ಹೇಳುತ್ತಾರೆ. ಅವರ ಅಭಿಮಾನ ಸರಿಯೇ, ಅಲ್ಲಿಯೂ ನಾನು ತಿಂದು ಸಂತೋಷಪಟ್ಟಿದ್ದೇನೆ. ಮೈಸೂರು ರಸ್ತೆಯವರಿಗೆ ಮಾತ್ರ ತಟ್ಟೆ ಇಡ್ಲಿ ಎಂದರೆ ಬಿಡದಿ. ಹೋಟೆಲಿನ ಒಲೆಯ ಹತ್ತಿರ ಹೋಗಿ ನಿಂತೆ, ಮಕ್ಕಳನ್ನೂ ಕರೆದೆ. ಮನೆಯ ಇಡ್ಲಿ ಪಾತ್ರೆಯಲ್ಲಿ ಗುಳಿಗಳಿರುತ್ತವೆ, ಇಲ್ಲಿ ಗುಳಿಯಿಲ್ಲ. ಅಂಚು ಸ್ವಲ್ಪ ಎತ್ತರವಿರುವ ಚಪ್ಪಟೆ ತಟ್ಟೆಗಳು. ಒಂದೊಂದಕ್ಕೂ ಎಣ್ಣೆ ಸವರಿ, ಒಂದೊಂದು ಸೌಟು ಹಿಟ್ಟು ಹೊಯ್ದು, ತಟ್ಟೆಯ ಮೇಲೆ ತಟ್ಟೆ ಬರುವಂತೆ ಸ್ಟ್ಯಾಂಡಿನಲ್ಲಿ ಜೋಡಿಸಿ ಹಬೆಯೊಳಗೆ ಇಳಿಸುತ್ತಾರೆ. ಹಿಟ್ಟು ಅಕ್ಕಿ ಉದ್ದಿನದೇ, ಮೆತ್ತಗಾಗಲೆಂದು ಸಬ್ಬಕ್ಕಿಯನ್ನೋ ಅವಲಕ್ಕಿಯನ್ನೋ ನೆನೆಸಿ ಸೇರಿಸುವವರುಂಟು. ಮುಚ್ಚಳ ತೆಗೆದಾಗ ಹಬೆ ಗುಪ್ಪೆಂದು ಮೇಲೆದ್ದು ಅಡುಗೆಯವರ ಮುಖವೇ ಕಾಣದಾಯಿತು. ಹಬೆ ಆರಿದ ಮೇಲೆ ನೋಡಿದರೆ ಅವರು ಬರಿಗೈಯಲ್ಲೇ ತಟ್ಟೆ ತೆಗೆದು, ಚಾಕುವಿನಂಥ ಒಂದು ತಗಡಿನಿಂದ ಅಂಚು ಬಿಡಿಸಿ, ಇಡ್ಲಿಯನ್ನು ಬಾಳೆಲೆಯ ತುಂಡಿನ ಮೇಲೆ ಜಾರಿಸುತ್ತಿದ್ದರು. ಮೇಲೆ ನೆಲ್ಲಿಕಾಯಿ ಗಾತ್ರದ ಬೆಣ್ಣೆ. ಅದು ನಮ್ಮ ಮೇಜಿಗೆ ಬರುವುದರೊಳಗೆ ಕರಗಿ ಇಡ್ಲಿಯ ಸಣ್ಣ ಸಣ್ಣ ಕಣ್ಣುಗಳಿಗೆ ಇಳಿದಿತ್ತು. ಪಕ್ಕದಲ್ಲಿ ತೆಂಗಿನಕಾಯಿ ಚಟ್ನಿ. ಒಬ್ಬೊಬ್ಬರಿಗೆ ಎರಡು ಸಾಕು. ಸಣ್ಣವನು ಮೂರನೆಯದಕ್ಕೆ ಕೈ ಎತ್ತಿದ. ಅವನ ಅಜ್ಜಿ, "ಆಮೇಲೆ ಹೊಟ್ಟೆ ತೊಳಸುತ್ತೆ ಕಂದ, ಸಾಕು" ಎಂದು ತಡೆದಳು.

ಅವಳು ಹೇಳಿದ್ದರಲ್ಲಿ ದೊಡ್ಡ ಸತ್ಯವಿದೆ. ನಮ್ಮ ಒಂದೊಂದು ಕಿವಿಯ ಒಳಗೂ ಅರ್ಧ ಬಳೆಯಂತಿರುವ ಮೂರು ಸಣ್ಣ ನಾಳಗಳಿವೆ, ಅವುಗಳಲ್ಲಿ ದ್ರವ ತುಂಬಿದೆ. ತಲೆ ಯಾವ ಕಡೆ ತಿರುಗಿತೆಂಬುದನ್ನು ಆ ದ್ರವದ ಅಲುಗಾಟದಿಂದ ಮಿದುಳು ತಿಳಿಯುತ್ತದೆ. ಗಿರಗಿರ ತಿರುಗುವ ಆಟದಲ್ಲಿ ಕಣ್ಣು ಒಂದು ಸುದ್ದಿ ಕಳಿಸುತ್ತದೆ, ಕಿವಿ ಇನ್ನೊಂದು ಸುದ್ದಿ ಕಳಿಸುತ್ತದೆ. ಎರಡೂ ತಾಳೆಯಾಗದಿದ್ದಾಗ ಹೊಟ್ಟೆ ತೊಳಸುತ್ತದೆ. ಬಸ್ಸಿನಲ್ಲಿ ಘಾಟಿ ಹತ್ತುವಾಗ ಆಗುವುದೂ ಇದೇ. ಹೊಟ್ಟೆ ತುಂಬ ಪೂರಿ ಸಾಗು, ಎಣ್ಣೆ ಪರೋಟ ತಿಂದು ರೋಲರ್ ಕೋಸ್ಟರ್ ಹತ್ತಬಾರದು. ಪೂರ್ತಿ ಹಸಿದೂ ಹತ್ತಬಾರದು. ಹಬೆಯಲ್ಲಿ ಬೆಂದ ಇಡ್ಲಿ, ಅದೂ ಒಂದೂವರೆ ಎರಡು ತಾಸು ಮುಂಚೆ ತಿಂದದ್ದು, ಇದಕ್ಕೆ ಹೇಳಿ ಮಾಡಿಸಿದ ತಿಂಡಿ. ಒಂದು ಆಟದ ತೋಟ ಮತ್ತು ಆ ತೋಟಕ್ಕೆ ಸರಿಹೊಂದುವ ತಿಂಡಿ ಕೂಗಳತೆಯಲ್ಲೇ ಸಿಗುವುದು ಬಿಡದಿಯ ಭಾಗ್ಯ, ನಮ್ಮ ಭಾಗ್ಯ.

ವಂಡರ್‌ಲಾ ಇರುವುದು ಬಿಡದಿ ಹತ್ತಿರದ ಹೆಜ್ಜಾಲದ ಕಡೆ, ಬೆಂಗಳೂರಿನಿಂದ 28 ಕಿಲೋಮೀಟರ್. ಕೊಚೌಸೇಫ್ ಚಿಟ್ಟಿಲಪ್ಪಿಳ್ಳಿ ಎಂಬ ಕೇರಳದ ಉದ್ಯಮಿ 2000ದಲ್ಲಿ ಕೊಚ್ಚಿಯಲ್ಲಿ ಮೊದಲ ಉದ್ಯಾನ ತೆರೆದರು, 2005ರಲ್ಲಿ ಇಲ್ಲಿಯದು. ಸುಮಾರು 82 ಎಕರೆ. ನೆಲದ ಆಟಗಳು ಬೇರೆ, ನೀರಿನ ಆಟಗಳು ಬೇರೆ. ಮಕ್ಕಳಿಗೆ ಎಲ್ಲವೂ ಒಟ್ಟಿಗೇ ಬೇಕು. ನೆಲದ ಆಟ ಮೊದಲು, ನೀರು ಆಮೇಲೆ ಎಂದು ಮಗಳು ಕಟ್ಟುನಿಟ್ಟು ಮಾಡಿದ್ದಳು. ಒದ್ದೆ ಬಟ್ಟೆಯಲ್ಲಿ ಗಾಳಿಗೆ ಎತ್ತರದ ಆಟ ಹತ್ತಿದರೆ ಮೈ ಗದಗುಟ್ಟುತ್ತದೆ.

ರೋಲರ್ ಕೋಸ್ಟರಿನ ಬಂಡಿಗೆ ಎಂಜಿನ್ ಇರುವುದಿಲ್ಲ ಎಂದರೆ ದೊಡ್ಡ ಮೊಮ್ಮಗಳು ನಂಬಲಿಲ್ಲ. ರಿಕಾಯಿಲ್ ಎಂಬುದೊಂದಿದೆ ಅಲ್ಲಿ. ಕೆಳಗೆ ನಿಂತು ಅವಳಿಗೆ ತೋರಿಸಿದೆ. ಬಂಡಿಯನ್ನು ಮೊದಲು ಹಿಂದು ಮುಂದಾಗಿ ಎತ್ತರಕ್ಕೆ ಎಳೆಯುತ್ತಾರೆ. ಕೂತವರ ಮುಖ ನೆಲದ ಕಡೆ. ತುದಿ ಮುಟ್ಟಿದ ಮೇಲೆ ಹಿಡಿತ ಬಿಡುತ್ತಾರೆ. ಅಲ್ಲಿಂದ ಮುಂದೆ ಅದನ್ನು ಓಡಿಸುವುದು ಭೂಮಿಯ ಸೆಳೆತವೇ. ನಿಲ್ದಾಣ ದಾಟಿ, ಸುರುಳಿ ಸುತ್ತಿ, ತಲೆಕೆಳಗಾಗಿ, ಎದುರಿನ ಏರು ಹತ್ತುತ್ತದೆ. ಅಲ್ಲಿ ಮತ್ತೆ ಅದನ್ನು ತುದಿಗೆ ಎಳೆದು ಬಿಟ್ಟಾಗ, ಬಂದ ದಾರಿಯಲ್ಲೇ ಹಿಂದು ಹಿಂದಾಗಿ ಮತ್ತೆ ಅಷ್ಟೂ ಸುರುಳಿ ಸುತ್ತಿ ಬರುತ್ತದೆ. ನಾವು ಕಲ್ಲನ್ನು ಮೇಲೆ ಹೊತ್ತು ಗುಡ್ಡದಿಂದ ಉರುಳಿಸಿದ ಹಾಗೆ. ಬಾಗಿಲಲ್ಲಿ ಎತ್ತರ ಅಳೆಯುವ ಕಂಬವಿತ್ತು. ಮೊಮ್ಮಗಳು ದಾಟಿದಳು. ಸಣ್ಣವನಿಗೆ ಎರಡು ಬೆರಳು ಕಡಿಮೆ. ಹಿಮ್ಮಡಿ ಎತ್ತಿ ನೋಡಿದ, ಕಾವಲಿನ ಹುಡುಗ ನಗುತ್ತ ತಲೆಯ ಮೇಲೆ ಕೈಯಿಟ್ಟು ಮೆಲ್ಲಗೆ ಒತ್ತಿದ. ಆ ಹುಡುಗನಿಗೆ ನನ್ನ ವಂದನೆ. ಸಾಲಿನಲ್ಲಿದ್ದ ದೊಡ್ಡವರು ಬಿಟ್ಟುಬಿಡಪ್ಪ ಎಂದರೂ ಅವನು ಬಿಡಲಿಲ್ಲ. ಎದೆಯ ಮೇಲಿನ ಪಟ್ಟಿ ಮಗುವಿನ ಮೈಗೆ ಸರಿಯಾಗಿ ಕೂರದಿದ್ದರೆ ಏನಾದೀತೆಂಬುದು ಅವನಿಗೆ ಗೊತ್ತಿತ್ತು.

ನೀರಿನ ಆಟಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲೆ ಕೊಳ, ಜಾರುಬಂಡೆ, ರೈನ್ ಡಿಸ್ಕೊ, ಮಕ್ಕಳಿರುವ ಎಲ್ಲರಿಗೂ ಅವು ಗೊತ್ತು. ನಾನು ಹೇಳಬೇಕಾದದ್ದು ನೀರಿನಿಂದ ಹೊರಬಂದ ಮೇಲಿನ ಹಸಿವನ್ನು. ನೀರು ಗಾಳಿಗಿಂತ ಬಹಳ ಬೇಗ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಮೈ ತನ್ನ ಬಿಸಿ ಉಳಿಸಿಕೊಳ್ಳಲು ಒಳಗಿನ ಕಾವನ್ನು ಹೆಚ್ಚು ಖರ್ಚು ಮಾಡುತ್ತದೆ. ಕೆರೆಯಲ್ಲಿ ಈಜಿ ಬಂದ ಹುಡುಗರು ಮನೆಯ ಅನ್ನದ ಪಾತ್ರೆ ಬಳಿಯುತ್ತಿದ್ದದ್ದು ಇದಕ್ಕೇ. ಆ ಹಸಿವಿನ ಹೊತ್ತಿನಲ್ಲಿ ಮುಂದೆ ಬಂದದ್ದೆಲ್ಲ ಅಮೃತ. ನಮ್ಮ ವಿಹಾರ ಸ್ಥಳಗಳು ಆ ಹಸಿವನ್ನು ಗೌರವದಿಂದ ನೋಡಬೇಕೆಂದು ನನ್ನ ಬೇಡಿಕೆ.

ಯಾವುದೇ ಒಂದು ಸಂಸ್ಥೆಯನ್ನು ಕುರಿತು ಈ ಮಾತಲ್ಲ. ಈ ಇಪ್ಪತ್ತು ವರ್ಷಗಳಲ್ಲಿ ನಾಲ್ಕಾರು ಊರುಗಳ ಮನರಂಜನಾ ಉದ್ಯಾನಗಳಿಗೆ ಮಕ್ಕಳನ್ನೂ ಮೊಮ್ಮಕ್ಕಳನ್ನೂ ಕರೆದುಕೊಂಡು ಹೋಗಿದ್ದೇನೆ. ಬಹಳ ಕಡೆ ಬಾಗಿಲಲ್ಲೇ ಬುತ್ತಿಯ ಡಬ್ಬಿ ತಡೆಯುತ್ತಾರೆ. ಕಸ ಬೀಳುತ್ತದೆ, ಕೊಳಕ್ಕೆ ಅನ್ನದ ಅಗುಳು ಹೋಗುತ್ತದೆ ಎಂಬ ಕಾರಣ ಕೊಡುತ್ತಾರೆ, ಒಪ್ಪೋಣ. ಒಳಗೆ ಹೋದರೆ ಸಿಗುವುದು ಫ್ರೈಡ್ ರೈಸ್, ನೂಡಲ್ಸ್, ಬರ್ಗರ್, ಆಲೂಗಡ್ಡೆ ಫ್ರೈ. ಕಣ್ಣು ಮುಚ್ಚಿ ತಿಂದರೆ ನೀವು ಕೊಚ್ಚಿಯಲ್ಲಿದ್ದೀರೋ ಹೈದರಾಬಾದಿನಲ್ಲಿದ್ದೀರೋ ಹೇಳಲಾಗದು. ಆಟದ ಯಂತ್ರ ಎಲ್ಲ ಕಡೆ ಒಂದೇ ಇರಬಹುದು, ಅದು ಕಾರ್ಖಾನೆಯಿಂದ ಬಂದದ್ದು. ಅಡುಗೆ ಎಲ್ಲ ಕಡೆ ಒಂದೇ ಇರಬೇಕಾಗಿಲ್ಲ, ಅದು ನೆಲದಿಂದ ಬರುವಂಥದು. ರಾಮನಗರ ಸೀಮೆಯಲ್ಲಿ ನಿಂತ ಉದ್ಯಾನದಲ್ಲಿ ರಾಗಿ ಮುದ್ದೆ, ಹುರುಳಿಕಾಳು ಬಸ್ಸಾರು, ಕಾಲ ಬಂದಾಗ ಹಿತಕಿದ ಅವರೆಬೇಳೆ ಸಾರು, ಮಜ್ಜಿಗೆ ಇವು ಯಾಕೆ ಸಿಗಬಾರದು? ನೀರಿನಲ್ಲಿ ಆಡಿ ನಡುಗುತ್ತ ಬಂದ ಮಗುವಿಗೆ ಬಿಸಿ ಸಾರಿಗಿಂತ ಒಳ್ಳೆಯದು ಯಾವುದಿದೆ? ಸುತ್ತಲಿನ ಹಳ್ಳಿಯ ಹತ್ತು ಹೆಣ್ಣುಮಕ್ಕಳಿಗೆ ಒಂದು ಅಡುಗೆಮನೆ ಬಿಟ್ಟುಕೊಡಿ. ಅವರ ಕೈಯಡುಗೆಗೆ ಯಂತ್ರದಾಟಕ್ಕಿಂತ ಉದ್ದದ ಸಾಲು ನಿಲ್ಲುತ್ತದೆ.

ಹೀಗೆ ಹೇಳಲು ನನಗೆ ಕಣ್ಣಾರೆ ಕಂಡ ಆಧಾರವಿದೆ. ಮೈಸೂರಿನಲ್ಲಿ ದಸರಾ ಸಮಯಕ್ಕೆ ಆಹಾರ ಮೇಳ ನಡೆಯುತ್ತದಲ್ಲ, ಅಲ್ಲಿ ಎಚ್.ಡಿ. ಕೋಟೆ ಕಡೆಯ ಕಾಡಿನ ಜನ ಬಂದು ಬಂಬೂ ಬಿರಿಯಾನಿ ಮಾಡುತ್ತಾರೆ. ಹಸಿ ಬಿದಿರಿನ ಕೊಳವೆಯೊಳಗೆ ಅಕ್ಕಿ, ಮಾಂಸ, ಮಸಾಲೆ ತುಂಬಿ, ಬಾಯಿಗೆ ಎಲೆ ತುರುಕಿ ಬೆಂಕಿಯ ಮೇಲೆ ಒರಗಿಸುತ್ತಾರೆ. ಬಿದಿರಿನ ಹೊರಮೈ ಕಪ್ಪಾಗಿ ಸೀಯುತ್ತದೆ, ಒಳಗೆ ಅನ್ನ ಬಿದಿರಿನ ಕಂಪಿನಲ್ಲಿ ಬೇಯುತ್ತದೆ. ನಾನು ಮಾಂಸ ತಿನ್ನುವವನಲ್ಲ, ಆ ಸಾಲನ್ನು ನೋಡುತ್ತ ನಿಂತಿದ್ದೆ. ಕಾಲೇಜು ಹುಡುಗರು, ಹೊರರಾಜ್ಯದ ಪ್ರವಾಸಿಗಳು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ತಂದೆಯರು. ಮೇಳದಲ್ಲಿ ಬೇರೆ ಎಷ್ಟೋ ಮಳಿಗೆಗಳಿದ್ದವು, ಜನ ಮುಗಿಬಿದ್ದದ್ದು ಇಲ್ಲಿಗೆ. ಬೇರೆಲ್ಲೂ ಸಿಗದ ರುಚಿಗೆ ಜನ ಕಾಯುತ್ತಾರೆ. ಅಂದು ಬ್ಯೂನಾ ಪಾರ್ಕಿನಲ್ಲಿ ಕಾದ ಹಾಗೇ ಇಲ್ಲಿಯೂ ಕಾಯುತ್ತಾರೆ.

ಐದು ಗಂಟೆಗೆ ಉದ್ಯಾನದಿಂದ ಹೊರಟೆವು. ಹಳೇ ರಸ್ತೆ ಹಿಡಿದೆವು. ರಾಮನಗರದ ಬಂಡೆಗಳ ಮೇಲೆ ಇಳಿಬಿಸಿಲು. ಅಲ್ಲೇ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ, ಅದಕ್ಕೆ ಬೇರೆಯೇ ಒಂದು ದಿನ ಬೇಕು. ಚನ್ನಪಟ್ಟಣದಲ್ಲಿ ಮರದ ಆಟಿಕೆ ಮಾಡುವಲ್ಲಿ ಹತ್ತು ನಿಮಿಷ ನಿಂತೆವು. ಆಲೆಮರದ ತುಂಡು ಕಡೆಯುವ ಯಂತ್ರದಲ್ಲಿ ತಿರುಗುತ್ತಿರುವಾಗ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಬಣ್ಣ ಹತ್ತುತ್ತದೆ. ರಿಕಾಯಿಲ್ ಹತ್ತಲಾಗದೆ ಮಂಕಾಗಿದ್ದ ಸಣ್ಣವನಿಗೆ ಒಂದು ಬುಗುರಿ ಕೊಡಿಸಿದೆ. ಮದ್ದೂರಿನವರೆಗೂ ಅದನ್ನು ಅಂಗೈಯಲ್ಲಿ ತಿರುಗಿಸುತ್ತ ಕೂತ.

ಮದ್ದೂರಿಗೆ ಏಳಾಯಿತು. ಇಲ್ಲಿ ನಿಲ್ಲದೆ ಮೈಸೂರಿಗೆ ಹೋದದ್ದು ನನ್ನ ನೆನಪಿನಲ್ಲಿಲ್ಲ. ರೈಲಾದರೂ ಸರಿ, ಬಸ್ಸಾದರೂ ಸರಿ, ಮದ್ದೂರು ಎಂದರೆ ವಡೆ. ಬೆಂಗಳೂರಿನಿಂದ ಮೈಸೂರಿಗೆ ಮೀಟರ್ ಗೇಜ್ ರೈಲು ದಾರಿ ಆದದ್ದು 1880ರ ದಶಕದ ಮೊದಲಲ್ಲಿ. ಮುಂದೆ ಮದ್ದೂರು ಸ್ಟೇಷನ್ನಿನಲ್ಲಿ ರಾಮಚಂದ್ರ ಬುಧ್ಯ ಎಂಬವರು ತಿಂಡಿ ಮಾರುತ್ತಿದ್ದರು. 1917ರಲ್ಲಿ ಒಂದು ದಿನ ರೈಲು ಹೊತ್ತಿಗೆ ಮುಂಚೆಯೇ ಬಂದುಬಿಟ್ಟಿತಂತೆ. ಉಂಡೆಯಾಗಿ ಕರಿಯಲು ಹೊತ್ತಿಲ್ಲ, ಕಲಸಿದ ಹಿಟ್ಟನ್ನು ಅಂಗೈಯಲ್ಲಿ ಚಪ್ಪಟೆ ತಟ್ಟಿ ಎಣ್ಣೆಗೆ ಬಿಟ್ಟರಂತೆ. ಅದೇ ಮದ್ದೂರು ವಡೆಯಾಯಿತೆಂದು ಈ ಸೀಮೆಯಲ್ಲಿ ಹೇಳುತ್ತಾರೆ. ಉದ್ದಿನ ವಡೆಗೂ ಇದಕ್ಕೂ ಸಂಬಂಧವಿಲ್ಲ. ನಡುವೆ ತೂತಿಲ್ಲ, ಉದ್ದೂ ಇಲ್ಲ.

ಅವತ್ತು ಹೋಟೆಲಿನ ಹಿಂಬಾಗಿಲಲ್ಲಿ ನಿಂತು ಕಲಸುವುದನ್ನು ನೋಡಿದೆ. ಅಗಲವಾದ ಬೇಸಿನ್ನಿನಲ್ಲಿ ತೆಳ್ಳಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಉಪ್ಪು. ಮೊದಲು ಇವನ್ನೇ ಕೈಯಲ್ಲಿ ಹಿಸುಕಿದರು. ಈರುಳ್ಳಿ ನೀರು ಬಿಟ್ಟಿತು. ಆಮೇಲೆ ಅಕ್ಕಿ ಹಿಟ್ಟು, ಚಿರೋಟಿ ರವೆ, ಮೈದಾ. ಅದರ ಮೇಲೆ ಹೊಗೆಯಾಡುವ ಎಣ್ಣೆ ಚುರ್ರೆಂದು ಸುರಿದು, ಆರಿದ ಮೇಲೆ ಹಿಟ್ಟನ್ನೆಲ್ಲ ಬೆರಳಲ್ಲಿ ಉಜ್ಜಿದರು. ಹಿಟ್ಟಿನ ಕಣಕಣಕ್ಕೂ ಎಣ್ಣೆ ಹತ್ತಿದರೆ ಹಿಟ್ಟು ನಾರಾಗುವುದಿಲ್ಲ, ವಡೆ ಮುರಿದರೆ ಕರುಂ ಎನ್ನುತ್ತದೆ. ನೀರು ಚಿಮುಕಿಸಿದ್ದು ಒಂದೆರಡು ಸಲ ಮಾತ್ರ, ಉಳಿದ ತೇವವೆಲ್ಲ ಈರುಳ್ಳಿಯದೇ. ಎಣ್ಣೆ ಸವರಿದ ಹಾಳೆಯ ಮೇಲೆ ನಿಂಬೆ ಗಾತ್ರದ ಉಂಡೆಯಿಟ್ಟು ನಾಲ್ಕು ಬೆರಳಲ್ಲಿ ತಟ್ಟಿದರು. ಬೆರಳಿನ ಗುರುತು ಹಾಗೇ ಉಳಿಯಿತು, ಅಂಚು ಅಲ್ಲಲ್ಲಿ ಬಿರಿಯಿತು. ಬಾಣಲೆಗೆ ಬಿಟ್ಟು ಉರಿ ಕಡಿಮೆ ಮಾಡಿದರು. ದೊಡ್ಡ ಉರಿಯಲ್ಲಿ ಮೇಲೆ ಕೆಂಪಾಗಿ ಒಳಗೆ ಹಸಿ ಉಳಿಯುತ್ತದೆ. ತಾಳ್ಮೆಯಿಂದ ಬೆಂದದ್ದು ಮಾತ್ರ ಮಾರನೆಯ ದಿನಕ್ಕೂ ಗರಿಗರಿಯಾಗಿರುತ್ತದೆ. ಮನೆಗೆ ಕಟ್ಟಿಸಿಕೊಂಡ ಇಪ್ಪತ್ತರಲ್ಲಿ ಕಡೆಯದನ್ನು ನಾನು ಮೂರನೆಯ ದಿನ ತಿಂದೆ, ಆಗಲೂ ಕರುಂ ಎಂದಿತು.

ಹೋಟೆಲಿನಲ್ಲಿ ಅರ್ಧ ಮೇಜುಗಳು ಖಾಲಿ. ಏಳು ಗಂಟೆಯ ಹೊತ್ತಿಗೆ ಮದ್ದೂರಿನ ಹೋಟೆಲಿನಲ್ಲಿ ಖಾಲಿ ಮೇಜನ್ನು ನಾನು ಹಿಂದೆ ಕಂಡವನಲ್ಲ. ಕೂತವರ ಹಿಂದೆ ನಿಂತು, ಅವರು ಕೈ ತೊಳೆಯಲು ಎದ್ದಾಗ ಕೂರುತ್ತಿದ್ದೆವು. ಗಲ್ಲಾದಲ್ಲಿದ್ದ ಹಿರಿಯರನ್ನು ಕೇಳಿದೆ. "ಏನ್ ಮಾಡದು ಸ್ವಾಮಿ, ಗಾಡಿಗಳೆಲ್ಲ ಮೇಲ್ಗಡೆನೇ ಹೊಂಟೋಯ್ತವೆ. ಊರು ಇದೆ ಅಂತಾನೇ ಗೊತ್ತಾಗದಿಲ್ಲ ಅವರ್ಗೆ" ಎಂದರು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಎಕ್ಸ್‌ಪ್ರೆಸ್‌ವೇ ಇಷ್ಟೂ ಊರುಗಳನ್ನು ಬದಿಗಿಟ್ಟು ಹೋಗುತ್ತದೆ. ಆ ರಸ್ತೆಯ ಮೇಲೆ ನನಗೆ ಸಿಟ್ಟಿಲ್ಲ. ಆಂಬುಲೆನ್ಸಿನಲ್ಲಿರುವ ರೋಗಿಗೆ, ವಿಮಾನ ಹಿಡಿಯುವವರಿಗೆ ಅದು ವರ. ಬೆಳಗ್ಗೆ ನಾವೂ ಅದರಲ್ಲೇ ಹೋದೆವು. ಆದರೆ ವಿಹಾರಕ್ಕೆ ಹೊರಟವರಿಗೆ ಯಾವ ಅವಸರ? ರಜೆಯ ದಿನ ಉಳಿಸಿದ ಮುಕ್ಕಾಲು ಗಂಟೆಯನ್ನು ಮನೆಗೆ ಬಂದು ಟಿ.ವಿ. ಮುಂದೆ ಕಳೆಯುತ್ತೇವೆ. ಆ ಮುಕ್ಕಾಲು ಗಂಟೆ ಮದ್ದೂರಿನದು, ಚನ್ನಪಟ್ಟಣದ್ದು. ಅಲ್ಲಿನ ಒಲೆಗಳು ಉರಿಯಬೇಕಾದದ್ದು ಅದರಿಂದ.

ಇನ್ನೂ ಒಂದು ಚಿಂತೆ ನನ್ನದು. ಮದ್ದೂರು ವಡೆ ಎಂಬ ಹೆಸರಿನಲ್ಲಿ ಈಗ ಎಲ್ಲೆಲ್ಲೂ ವಡೆ ಸಿಗುತ್ತದೆ. ಬೆಳಗ್ಗೆ ಕರಿದದ್ದು, ಪ್ಲಾಸ್ಟಿಕ್ಕಿನಲ್ಲಿ ಬೆವರಿ ಮೆತ್ತಗಾದದ್ದು. ತಿಂದವರು ಮದ್ದೂರು ವಡೆ ಎಂದರೆ ಇಷ್ಟೇ ಎಂದುಕೊಳ್ಳುತ್ತಾರೆ. ಊರಿನ ರುಚಿ ಊರಿನಲ್ಲಿ ಮಾತ್ರ ಪೂರ್ತಿ ಗೊತ್ತಾಗುತ್ತದೆ. ಮೈಸೂರು ಪಾಕಿಗೂ ಇದೇ ಮಾತು. ಅರಮನೆಯ ಕಾಕಾಸುರ ಮಾದಪ್ಪನವರು ಕಡಲೆ ಹಿಟ್ಟು, ತುಪ್ಪ, ಸಕ್ಕರೆ ಮೂರರಲ್ಲಿ ಮಾಡಿದ್ದೆಂದು ಹೇಳುವ ಆ ಪಾಕವನ್ನು ಅವರ ವಂಶದವರು ಸಯ್ಯಾಜಿರಾವ್ ರಸ್ತೆಯ ಅಂಗಡಿಯಲ್ಲಿ ಮಾರುತ್ತಿದ್ದಾರೆ. ಬಿಸಿ ಪಾಕಿನ ತುಂಡು ಕೈಗೆ ಬಂದಾಗ ಕಾಗದಕ್ಕೆ ತುಪ್ಪ ಇಳಿಯುವುದನ್ನು ದೆಹಲಿಯ ಡಬ್ಬಿಯಲ್ಲಿ ಕಾಣಲಾಗದು.

ನಮ್ಮ ಹಿರಿಯರಿಗೆ ಇದೆಲ್ಲ ಗೊತ್ತಿತ್ತು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರು ಕನ್ನಂಬಾಡಿ ಕಟ್ಟೆಯ ಕೆಳಗೆ 1927ರಿಂದ 1932ರವರೆಗೆ ಬೃಂದಾವನವನ್ನು ಬೆಳೆಸಿದರು. ಕಾರಂಜಿ, ಬಣ್ಣದ ದೀಪ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಹೂದೋಟ. ಆ ಕಾಲಕ್ಕೆ ಅದೇ ನಮ್ಮ ಥೀಮ್ ಪಾರ್ಕು. ಅಲ್ಲಿಗೆ ಹೋಗುವ ಮನೆಗಳಲ್ಲಿ ಬೆಳಗಿನ ಜಾವಕ್ಕೇ ಪುಳಿಯೋಗರೆ ಕಲಸುತ್ತಿದ್ದರು, ಮೊಸರನ್ನಕ್ಕೆ ಹಾಲು ಹೆಚ್ಚು ಹಾಕಿ ಸಂಜೆಗೆ ಹುಳಿಯಾಗದಂತೆ ನೋಡಿಕೊಳ್ಳುತ್ತಿದ್ದರು. ಕಾವೇರಿಯ ದಂಡೆಯಲ್ಲಿ ಜಮಖಾನ ಹಾಸಿ ಉಂಡು, ಕತ್ತಲಾದ ಮೇಲೆ ದೀಪ ನೋಡಿ ಬರುತ್ತಿದ್ದರು. ಆಟಕ್ಕೂ ಊಟಕ್ಕೂ ಒಂದೇ ಜಮಖಾನ.

ಕೇಳುಗರೇ, ನಿಮ್ಮಲ್ಲಿ ನನ್ನದೊಂದು ಮನವಿ. ಮುಂದಿನ ಸಲ ಮಕ್ಕಳನ್ನು ಕರೆದುಕೊಂಡು ಮೈಸೂರು ರಸ್ತೆಯಲ್ಲಿ ಹೋಗುವಾಗ, ಹೋಗುವುದೋ ಬರುವುದೋ ಒಂದು ಸಲವಾದರೂ ಹಳೇ ರಸ್ತೆಗೆ ಇಳಿಯಿರಿ. ಬಿಡದಿಯಲ್ಲಿ ಹಬೆ ಏಳುವುದನ್ನು ಮಕ್ಕಳಿಗೆ ತೋರಿಸಿ. ಚನ್ನಪಟ್ಟಣದಲ್ಲಿ ಒಂದು ಬುಗುರಿ ಕೊಡಿಸಿ. ಮದ್ದೂರಿನಲ್ಲಿ ಕೂತು, ಕಾಫಿ ತರಿಸಿಕೊಂಡು, ಬಿಸಿ ವಡೆ ತಿನ್ನಿ. ಏಳು ಗಂಟೆಗೆ ಅಲ್ಲಿ ಈಗ ಮೇಜು ಸಿಗುತ್ತದೆ. ನೀವೆಲ್ಲ ಹೋದರೆ ನಿಂತು ಕಾಯಬೇಕಾದೀತು. ದಯವಿಟ್ಟು ಹೋಗಿ.